ಲಾಟೀನಿನ ಗಾಜು ಭದ್ರವಾಗಿರಲಿ: ಭತ್ತದ ಗದ್ದೆಯ ದೀಪದ ಬಲೆಗೆ ಕೆಲವು ಸೂಚನೆಗಳು

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳು ಕಬಿನಿ ಮತ್ತು ಕಾವೇರಿ ನದಿಗಳ ನೀರುಂಡು ಬೆಳೆಯುವ ಸೀಮೆ. ಕಬಿನಿ ಬಲದಂಡೆ ನಾಲೆ, ವರುಣಾ ನಾಲೆ, ತಲಕಾಡಿನ ಬಳಿಯ ಮಾಧವಮಂತ್ರಿ ಅಣೆಕಟ್ಟೆಯ ನಾಲೆ ಇವುಗಳ ಕೆಳಗೆ ಭತ್ತವೇ ಮುಖ್ಯ ಬೆಳೆ. ಭತ್ತವಿರುವಲ್ಲಿ ಕಾಂಡ ಕೊರೆಯುವ ಹುಳುವಿನ ಕಾಟವೂ ತಪ್ಪಿದ್ದಲ್ಲ. ಈ ಹುಳುವಿನ ಪತಂಗಗಳು ಗದ್ದೆಗೆ ಬಂದದ್ದನ್ನು ಮೊದಲೇ ತಿಳಿಯಲು ಸುಲಭ ಸಾಧನವೆಂದರೆ ದೀಪದ ಬಲೆ.

ಕಾವೇರಿಯ ಕೆಳಹರಿವಿನ ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಆದರೆ ಆ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ನಮ್ಮ ಹಳ್ಳಿಗಳು ಅನಂತರವೂ ಬಹುಕಾಲ ಲಾಟೀನಿನ ಬೆಳಕಿನಲ್ಲಿಯೇ ಇದ್ದವು. ಇಂದು ಮನೆಗಳಿಗೆ ವಿದ್ಯುತ್ ಬಂದಿದೆ. ಸೌರ ದೀಪದ ಬಲೆಗಳೂ ದೊರೆಯುತ್ತವೆ. ಆದರೂ ತಂತಿ ಹೋಗದ ಗದ್ದೆಯ ಬದುವಿನಲ್ಲಿ ಅಟ್ಟದ ಮೇಲಿನ ಹಳೆಯ ಲಾಟೀನನ್ನೇ ಇಳಿಸಿ ಉಪಯೋಗಿಸುವ ರೈತರಿದ್ದಾರೆ. ಇಲ್ಲಿ ಬರುವ ಮೊದಲ ತೊಂದರೆಯೇ ಗಾಜಿನದು. ಪತಂಗ ಹಾರುವ ರಾತ್ರಿ ಗಾಜು ಒಡೆದರೆ ಬಲೆ ಕತ್ತಲಾಗುತ್ತದೆ. ಒಡೆದ ಚೂರು ಕೆಸರಿಗೆ ಬಿದ್ದರೆ ಬರಿಗಾಲಿನಲ್ಲಿ ಕಳೆ ಕೀಳುವ ಹೆಣ್ಣಾಳುಗಳ ಪಾದಕ್ಕೆ ಅಪಾಯ. ಆದ್ದರಿಂದ ಗಾಜನ್ನು ಕೂರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಗಾಜು ಏಕೆ ಒಡೆಯುತ್ತದೆ?

ಗಾಜು ಶಾಖವನ್ನು ಬೇಗ ಹರಡುವ ವಸ್ತುವಲ್ಲ. ಒಂದು ಭಾಗ ಕಾಯ್ದು ಇನ್ನೊಂದು ಭಾಗ ತಣ್ಣಗಿದ್ದರೆ, ಕಾಯ್ದ ಭಾಗ ಹಿಗ್ಗಲು ನೋಡುತ್ತದೆ, ತಣ್ಣಗಿನ ಭಾಗ ಬಿಡುವುದಿಲ್ಲ. ಈ ಎಳೆದಾಟದಲ್ಲಿ ಬಿರುಕು ಹುಟ್ಟುತ್ತದೆ. ಕಾಯ್ದ ಗಾಜಿನ ಮೇಲೆ ಒಂದೇ ಹನಿ ಮಳೆನೀರು ಬಿದ್ದರೂ ಸಾಕು. ನಮ್ಮಲ್ಲಿ ಹಸ್ತ, ಚಿತ್ತೆ, ಸ್ವಾತಿ ಮಳೆಗಳು ಹೆಚ್ಚಾಗಿ ಸಂಜೆ ಗುಡುಗಿನೊಡನೆ ಬರುತ್ತವೆ. ದೀಪ ಹಚ್ಚುವ ಹೊತ್ತೂ ಅದೇ ಆದ್ದರಿಂದ ಈ ಮಾತು ಮುಖ್ಯ.

ಎರಡನೆಯ ಕಾರಣ ಬಿಗಿತ. ಗಾಜು, ಕಬ್ಬಿಣ, ಹಿತ್ತಾಳೆ ಇವು ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. 6 ಸೆಂಟಿಮೀಟರ್ ಅಗಲದ ಗಾಜಿನ ಬಾಯಿ 100 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದರೆ ಸುಮಾರು 0.05 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಅಗಲದ ಹಿತ್ತಾಳೆಯ ಬಳೆ ಸುಮಾರು 0.11 ಮಿಲಿಮೀಟರ್ ಹಿಗ್ಗುತ್ತದೆ, ಅಂದರೆ ಎರಡರಷ್ಟು. ದೀಪ ಉರಿಯುವಾಗ ಸಡಿಲವೆಂದು ತಿರುಪು ಬಿಗಿದರೆ, ದೀಪ ಆರಿ ತಣಿಯುವಾಗ ಹಿತ್ತಾಳೆ ಹೆಚ್ಚು ಕುಗ್ಗಿ ಗಾಜನ್ನು ಹಿಸುಕುತ್ತದೆ. ರಾತ್ರಿ ಚೆನ್ನಾಗಿದ್ದ ಗಾಜು ಬೆಳಗಾಗುವುದರೊಳಗೆ ತಾನಾಗಿ ಸೀಳುವುದಕ್ಕೆ ಇದೂ ಒಂದು ಕಾರಣ. ಬಿಗಿಯುವುದಾಗಲಿ, ಸಡಿಲಿಸುವುದಾಗಲಿ ದೀಪ ತಣ್ಣಗಿರುವಾಗಲೇ ಮಾಡತಕ್ಕದ್ದು.

ಮೂರನೆಯ ಕಾರಣ ಗೀರು. ಗಾಜಿನ ಬಿರುಕು ಗೀರಿನಿಂದಲೇ ಮೊದಲಾಗುತ್ತದೆ. ಮರಳು ಹಾಕಿ ಉಜ್ಜಿದ ಗಾಜು ಹೊಳೆಯಬಹುದು, ಬಾಳುವುದಿಲ್ಲ.

ಗಾಜನ್ನು ಕೊಳ್ಳುವಾಗ

ಹಳೆಯ ಗಾಜಿನ ಎತ್ತರ ಮತ್ತು ಎರಡು ಬಾಯಿಗಳ ಅಗಲವನ್ನು ಅಳೆದುಕೊಂಡು ಹೋಗಿ; ಸಾಧ್ಯವಾದರೆ ಲಾಟೀನನ್ನೇ ಒಯ್ಯಿರಿ. ಹೊಸ ಗಾಜನ್ನು ಸಮವಾದ ಹಲಗೆಯ ಮೇಲೆ ನಿಲ್ಲಿಸಿ ನೋಡಿ. ಅಲುಗಿದರೆ ಅಂಚು ಸಮವಿಲ್ಲವೆಂದು ಅರ್ಥ, ಅಂಥದ್ದು ಬೇಡ. ಬೆರಳಿಗೆ ತೂಗುಹಾಕಿ ಉಗುರಿನಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ಸ್ವಚ್ಛವಾದ ನಾದ ಬಂದರೆ ಒಳ್ಳೆಯದು. ಮೊದ್ದು ಸದ್ದು ಬಂದರೆ ಎಲ್ಲಿಯೋ ಕಾಣದ ಬಿರುಕಿದೆ. ಬಹಳ ದಪ್ಪನೆಯ ಗಾಜು ಗಟ್ಟಿ ಎಂಬ ಭಾವನೆ ತಪ್ಪು. ಒಳಮೈ ಕಾಯ್ದು ಹೊರಮೈ ತಣ್ಣಗೆ ಉಳಿಯುವುದು ದಪ್ಪ ಗಾಜಿನಲ್ಲಿಯೇ ಹೆಚ್ಚು.

ಹೊಸ ಗಾಜನ್ನು ನೀರಿನಲ್ಲಿ ಕುದಿಸಿದರೆ ಹದಗೊಳ್ಳುತ್ತದೆ ಎಂಬ ಸಲಹೆ ಉಂಟು. ಸಾಮಾನ್ಯ ಗಾಜು ಹದಗೊಳ್ಳಲು 500 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖ ಬೇಕು. ಕುದಿಯುವ ನೀರು 100 ಡಿಗ್ರಿ ಮಾತ್ರ. ಆದ್ದರಿಂದ ಕುದಿಸುವುದರಿಂದ ಗಾಜು ಗಟ್ಟಿಯಾಗುವುದಿಲ್ಲ. ದುರ್ಬಲವಾದ ಗಾಜು ಗದ್ದೆಯಲ್ಲಿ ಒಡೆಯುವ ಬದಲು ಮನೆಯಲ್ಲಿಯೇ ಒಡೆದು ತನ್ನ ಗುಣ ತೋರಿಸಬಹುದು, ಅಷ್ಟೆ.

ಗಾಜನ್ನು ಕೂರಿಸುವ ಕ್ರಮ

1. ಲಾಟೀನು: ಲಾಟೀನಿನ ಗಾಜು ಕೆಳಗಿನ ತೂತಿನ ತಟ್ಟೆ ಮತ್ತು ಮೇಲಿನ ಟೋಪಿ ಇವುಗಳ ನಡುವೆ ಸ್ಪ್ರಿಂಗಿನ ಒತ್ತಡದಿಂದ ನಿಲ್ಲುತ್ತದೆ. ಪಕ್ಕದ ಎರಡು ಕೊಳವೆಗಳು ಬರ್ನರಿಗೆ ಗಾಳಿ ತಲುಪಿಸುತ್ತವೆ. ತಟ್ಟೆ ಸೊಟ್ಟಗಿದ್ದರೆ ಗಾಜು ಒಂದು ಕಡೆ ಎದ್ದಿರುತ್ತದೆ. ಆ ಸಂದಿನಿಂದ ಗಾಳಿ ನುಗ್ಗಿ ಉರಿ ವಾಲುತ್ತದೆ, ಗಾಜಿನ ಒಂದೇ ಪಕ್ಕ ಕಾಯುತ್ತದೆ, ಮಸಿ ಹಿಡಿಯುತ್ತದೆ, ಕೊನೆಗೆ ಒಡೆಯುತ್ತದೆ. ಆದಕಾರಣ ಮೊದಲು ತಟ್ಟೆಯನ್ನು ಕಳಚಿ, ತುಕ್ಕು ಒರೆಸಿ, ಹಲಗೆಯ ಮೇಲಿಟ್ಟು ಮರದ ತುಂಡಿನಿಂದ ತಟ್ಟಿ ಸಮಮಾಡಿ. ತೂತುಗಳಲ್ಲಿ ಸಿಕ್ಕಿದ ಹುಳು, ಮಸಿಗಳನ್ನು ಕಡ್ಡಿಯಿಂದ ಬಿಡಿಸಿ. ಸ್ಪ್ರಿಂಗು ಸೋತಿದ್ದರೆ ಬದಲಾಯಿಸಿ. ಗಾಜು ಅಲುಗುವುದೆಂದು ಬಟ್ಟೆ, ರಟ್ಟು ತುರುಕಬೇಡಿ. ಅವು ಗಾಳಿಯನ್ನು ತಡೆಯುತ್ತವೆ, ಬೆಂಕಿಯನ್ನೂ ಹಿಡಿಯುತ್ತವೆ. ಹಿಂದೆ ಕೆಲವೆಡೆ ಬಳಸುತ್ತಿದ್ದ ಕಲ್ನಾರಿನ ಹುರಿಯೂ ಬೇಡ. ಅದರ ಧೂಳು ಶ್ವಾಸಕೋಶಕ್ಕೆ ಹಾನಿಕರ. ಗಾಜಿನ ಸುತ್ತಲಿನ ತಂತಿಯ ಕಟ್ಟು ಕಿತ್ತುಹೋಗಿದ್ದರೆ ತೆಳುವಾದ ಕಬ್ಬಿಣದ ತಂತಿಯಿಂದ ಎರಡು ಸುತ್ತು ಅಡ್ಡಡ್ಡ ಕಟ್ಟಿ. ತಂತಿ ಗಾಜನ್ನು ಬಿಗಿಯದೆ, ಬೀಳದಂತೆ ತಡೆದರೆ ಸಾಕು.

2. ಹಲ್ಲುಗಳಿರುವ ಮೇಜಿನ ದೀಪ: ಹಳೆಯ ಮನೆಗಳ ಹಿತ್ತಾಳೆ ದೀಪಗಳಲ್ಲಿ ಗಾಜಿನ ಬುಡವನ್ನು ನಾಲ್ಕಾರು ಹಲ್ಲುಗಳು ಹಿಡಿದಿರುತ್ತವೆ. ಗಾಜು ಸಡಿಲವಾದರೆ ಗಾಜನ್ನು ತೆಗೆದಿಟ್ಟು, ಪ್ರತಿ ಹಲ್ಲನ್ನೂ ಕೂದಲೆಳೆಯಷ್ಟು ಒಳಕ್ಕೆ ಬಾಗಿಸಿ. ಎಲ್ಲ ಹಲ್ಲುಗಳೂ ಒಂದೇ ಸಮನಾಗಿರಬೇಕು. ಗಾಜು ಓಲಾಡಬಾರದು, ಆದರೆ ಮೆಲ್ಲಗೆ ಎತ್ತಿದರೆ ಬರಬೇಕು. ಪದೇ ಪದೇ ಬಾಗಿಸಿದರೆ ಹಿತ್ತಾಳೆ ಮುರಿಯುತ್ತದೆ.

3. ಮೂರು ತಿರುಪಿನ ತೂಗುದೀಪ: ಇಲ್ಲಿ ಗಾಜಿನ ಬುರುಡೆಯ ಕಂಠದ ಅಂಚು ತಿರುಪುಗಳ ತುದಿಯ ಮೇಲೆ ಕುಳಿತಿರುತ್ತದೆ. ಒಂದು ಕೈಯಿಂದ ಬುರುಡೆಯನ್ನು ಕೆಳಗಿನಿಂದ ಆತುಕೊಂಡು, ಮೂರು ತಿರುಪುಗಳನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬೆರಳಿನಿಂದ ತಿರುಗಿಸಿ. ಇಕ್ಕಳ ಬಳಸಬೇಡಿ. ತುದಿ ಗಾಜಿಗೆ ತಾಕಿದೊಡನೆ ನಿಲ್ಲಿಸಿ, ಕಾಲು ಸುತ್ತು ಹಿಂದಕ್ಕೆ ತಿರುಗಿಸಿ. ಬುರುಡೆಯನ್ನು ಕೈಯಿಂದ ತಿರುಗಿಸಿದರೆ ತಿರುಗಬೇಕು, ಅಂಚು ಮಾತ್ರ ತಿರುಪಿನಿಂದ ಜಾರಬಾರದು. ತಿರುಪುಗಳು ದಿನ ಕಳೆದಂತೆ ಸಡಿಲವಾಗುವುದುಂಟು, ತಿಂಗಳಿಗೊಮ್ಮೆ ನೋಡಿ. ಒಳಗೆ ಎಲ್‌ಇಡಿ ಬಲ್ಬು ಇದ್ದರೆ ಬುರುಡೆ ಅಷ್ಟಾಗಿ ಕಾಯುವುದಿಲ್ಲವಾದ್ದರಿಂದ ತಿರುಪಿನ ತುದಿಗೆ ಸೈಕಲ್ ಟ್ಯೂಬಿನ ಸಣ್ಣ ತುಣುಕು ಸಿಕ್ಕಿಸಬಹುದು. ಎಣ್ಣೆಯ ದೀಪಕ್ಕೆ ಮತ್ತು ಹಳೆಯ ತಂತಿಯ ಬಲ್ಬಿಗೆ ರಬ್ಬರು ಬೇಡ, ಕರಗುತ್ತದೆ.

ಶುಚಿಗೊಳಿಸುವುದು, ಹಚ್ಚುವುದು

ಗಾಜು ಪೂರ್ತಿ ತಣಿದ ಮೇಲೆ ವಸ್ತ್ರಗಾಲಿತ ಮಾಡಿದ ಬೂದಿ ಮತ್ತು ಹಳೆಯ ಪತ್ರಿಕೆಯ ಹಾಳೆಯಿಂದ ಒರೆಸಿ. ಸೋಸದ ಬೂದಿಯಲ್ಲಿ ಮರಳಿನ ಕಣವಿರುತ್ತದೆ. ನೀರಿನಿಂದ ತೊಳೆದರೆ ತೇವ ಪೂರ್ತಿ ಆರುವವರೆಗೆ ಹಚ್ಚಬೇಡಿ. ಬತ್ತಿಯನ್ನು ನೇರವಾಗಿ ಕತ್ತರಿಸಿ, ಎರಡು ಮೂಲೆಗಳನ್ನು ಸ್ವಲ್ಪವೇ ತೆಗೆಯಿರಿ. ಕೊಂಬಿನಂತೆ ಎದ್ದ ಉರಿ ಗಾಜಿಗೆ ತಾಕುವುದು ಇದರಿಂದ ತಪ್ಪುತ್ತದೆ. ಹಚ್ಚಿದ ಮೇಲೆ ಐದು ನಿಮಿಷ ಬತ್ತಿಯನ್ನು ತಗ್ಗಿಸಿಟ್ಟು, ಗಾಜು ಸಮನಾಗಿ ಬಿಸಿಯಾದ ಅನಂತರ ಏರಿಸಿ.

ಎಣ್ಣೆಯ ವಿಷಯದಲ್ಲಿ ಎಚ್ಚರ

ಸೀಮೆಎಣ್ಣೆ ಈಗ ಮೊದಲಿನಂತೆ ಸುಲಭವಾಗಿ ಸಿಗುವುದಿಲ್ಲ. ಸಿಗದಿದ್ದಾಗ ಪೆಟ್ರೋಲನ್ನಾಗಲಿ, ಪೆಟ್ರೋಲು ಬೆರೆಸಿದ ಎಣ್ಣೆಯನ್ನಾಗಲಿ ಲಾಟೀನಿಗೆ ಎಂದೂ ಹಾಕಬಾರದು. ಒಳ್ಳೆಯ ಸೀಮೆಎಣ್ಣೆಯ ಆವಿ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಶಾಖದಲ್ಲಿ ಕಿಡಿ ತಾಕಿದರೂ ಹೊತ್ತಿಕೊಳ್ಳುವುದಿಲ್ಲ. ಪೆಟ್ರೋಲಿನ ಆವಿಯಾದರೋ ಮಂಜುಗಡ್ಡೆಯ ಚಳಿಯಲ್ಲಿಯೂ ಹೊತ್ತಿಕೊಳ್ಳುತ್ತದೆ. ಲಾಟೀನು ಸಿಡಿಯುತ್ತದೆ, ಹಚ್ಚಿದವರ ಮೈ ಸುಡುತ್ತದೆ. ಡೀಸೆಲ್ ಹಾಕಿದರೆ ಬತ್ತಿ ಕಟ್ಟಿಕೊಂಡು ಹೊಗೆಯಾಡುತ್ತದೆ, ಮಸಿ ಹಿಡಿದ ಗಾಜು ಏರುಪೇರಾಗಿ ಕಾಯುತ್ತದೆ. ಎಣ್ಣೆ ಇಲ್ಲದಿದ್ದರೆ ಲಾಟೀನನ್ನು ಬಿಟ್ಟು ಬ್ಯಾಟರಿ ಅಥವಾ ಸೌರ ದೀಪ ಬಳಸುವುದೇ ಲೇಸು. ಎಣ್ಣೆ ತುಂಬುವುದು ದೀಪ ಆರಿ ತಣಿದ ಮೇಲೆ, ಹಗಲಿನಲ್ಲಿ. ಅದೂ ಮುಕ್ಕಾಲು ಪಾಲು ಮಾತ್ರ. ರೇಷ್ಮೆಹುಳು ಸಾಕುವ ಮನೆಯೊಳಗೆ ಸೀಮೆಎಣ್ಣೆ ದೀಪ ಇಡಬೇಡಿ. ಹೊಗೆ ಹುಳುಗಳಿಗೆ ಆಗುವುದಿಲ್ಲ.

ಗದ್ದೆಯಲ್ಲಿ ದೀಪದ ಬಲೆ

ಬದುವಿನ ಮೇಲೆ ಸುಮಾರು ಆರು ಅಡಿಯ ಮೂರು ಬಿದಿರು ಗಳಗಳನ್ನು ಮುಕ್ಕಾಲಿಯಂತೆ ನಿಲ್ಲಿಸಿ ತುದಿಯನ್ನು ಕಟ್ಟಿ. ಪೈರಿನ ತುದಿಗಿಂತ ಒಂದೆರಡು ಅಡಿ ಮೇಲೆ ಬೆಳಕು ಬರುವಂತೆ ಲಾಟೀನನ್ನು ಕೊಂಡಿಯಿಂದ ತೂಗುಹಾಕಿ. ಗಾಳಿಗೆ ಓಲಾಡದಂತೆ ಬುಡವನ್ನು ತಂತಿಯಿಂದ ಮೂರು ಗಳಗಳಿಗೂ ಕಟ್ಟಿ. ಲಾಟೀನಿನ ಮೇಲೆ ಒಂದು ಅಡಿ ಅಂತರ ಬಿಟ್ಟು ಎರಡು ಅಡಿ ಅಗಲದ ತಗಡನ್ನು ಕೊಡೆಯಂತೆ ಕಟ್ಟಿದರೆ ಮಳೆಹನಿ ಗಾಜಿಗೆ ತಾಕುವುದಿಲ್ಲ. ಗಾಳಿಮಳೆ ಓರೆಯಾಗಿ ಬೀಸಿದರೆ ದೀಪ ಆರಿಸಿಬಿಡಿ.

ಕೆಳಗೆ ಅಗಲವಾದ ಬಾಣಲೆ ಅಥವಾ ತಟ್ಟೆಯಲ್ಲಿ ಮೂರು ಅಂಗುಲ ನೀರು ತುಂಬಿ ಒಂದು ಚಮಚ ಸೋಪಿನ ಪುಡಿ ಕಲಸಿ. ಬಿದ್ದ ಪತಂಗಗಳು ಮುಳುಗುತ್ತವೆ. ನೀರಿಗೆ ಸೀಮೆಎಣ್ಣೆ ಸುರಿಯುವ ಅಗತ್ಯವಿಲ್ಲ. ಲಾಟೀನಿನ ಬುಡ ನೀರಿನಿಂದ ಒಂದು ಗೇಣು ಮೇಲಿರಲಿ. ಗುಡಿಸಲು, ಹುಲ್ಲಿನ ಮೆದೆ ಹತ್ತಿರವಿರುವಲ್ಲಿ ಬಲೆ ಬೇಡ. ಸಂಜೆ ಆರೂವರೆಯಿಂದ ಹತ್ತು ಗಂಟೆಯವರೆಗೆ ಉರಿಸಿದರೆ ಸಾಕು. ರಾತ್ರಿಯೆಲ್ಲ ಉರಿಸಿದರೆ ಎಣ್ಣೆ ದಂಡ, ಜೊತೆಗೆ ಉಪಕಾರಿ ಕೀಟಗಳೂ ಸಾಯುತ್ತವೆ.

ಬೆಳಿಗ್ಗೆ ಎಣಿಸಿ ಒಂದು ಪುಸ್ತಕದಲ್ಲಿ ಬರೆದಿಡಿ. ಕಾಂಡ ಕೊರೆಯುವ ಹುಳುವಿನ ಹೆಣ್ಣು ಪತಂಗ ಹಳದಿ ಬಣ್ಣದ್ದು. ಮುಂದಿನ ಪ್ರತಿ ರೆಕ್ಕೆಯ ಮೇಲೂ ಒಂದೊಂದು ಕಪ್ಪು ಚುಕ್ಕೆ ಇರುತ್ತದೆ. ಹುಣ್ಣಿಮೆಯ ಆಸುಪಾಸಿನಲ್ಲಿ ಬಲೆಗೆ ಬೀಳುವುದು ಕಡಿಮೆ. ಅದನ್ನು ಕಂಡು ಹುಳು ಹೋಯಿತೆಂದು ತಿಳಿಯಬಾರದು. ಎರಡು ಮೂರು ರಾತ್ರಿ ಎಣಿಕೆ ಏರುತ್ತ ಹೋದರೆ ಗದ್ದೆಗೆ ಇಳಿದು ಎಲೆಯ ತುದಿಯ ಬಳಿ ಕಂದು ಕೂದಲು ಮುಚ್ಚಿದ ಮೊಟ್ಟೆಯ ಗುಂಪುಗಳನ್ನು ಹುಡುಕಿ, ಕಿತ್ತು ತನ್ನಿ. ಮೊಟ್ಟೆ ಒಡೆದು ಮರಿಹುಳು ಬರಲು ಸುಮಾರು ಒಂದು ವಾರ ಹಿಡಿಯುತ್ತದೆ. ದೀಪದ ಬಲೆ ನಮಗೆ ದೊರಕಿಸಿಕೊಡುವುದು ಈ ಒಂದು ವಾರವನ್ನು. ಮರಿಹುಳು ಕಾಂಡದೊಳಗೆ ಸೇರಿದ ಮೇಲೆ ಔಷಧಿ ಹೊಡೆದರೂ ಫಲ ಕಡಿಮೆ. ಎಳೆಯ ಪೈರಿನಲ್ಲಿ ಸುಳಿ ಒಣಗುತ್ತದೆ, ತೆನೆ ಬರುವಾಗ ಬಿಳಿ ತೆನೆಯಾಗುತ್ತದೆ. ನೂರು ತೆಂಡೆಗಳಲ್ಲಿ ಹತ್ತರ ಸುಳಿ ಒಣಗಿದ್ದರೆ ತಡಮಾಡದೆ ರೈತ ಸಂಪರ್ಕ ಕೇಂದ್ರವನ್ನಾಗಲಿ, ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಕೇಳಿ ಔಷಧಿ ಬಳಸಿ. ನಾಟಿಗೆ ಮುಂಚೆ ಸಸಿಗಳ ತುದಿ ಚಿವುಟಿ ಹಾಕುವುದರಿಂದಲೂ ಬಹಳಷ್ಟು ಮೊಟ್ಟೆಗಳು ನಾಶವಾಗುತ್ತವೆ.

ಗಾಜು ಒಡೆದರೆ

ಒಡೆದ ಜಾಗದ ಸುತ್ತ ಕೂಡಲೇ ಕಡ್ಡಿ ನೆಟ್ಟು ಗುರುತು ಮಾಡಿ. ಬೆಳಿಗ್ಗೆ ನೀರು ಬಸಿದು, ಆ ಜಾಗದ ಕೆಸರನ್ನು ಸನಿಕೆಯಿಂದ ಎತ್ತಿ, ಜಾಲರಿಯ ಮೇಲೆ ತೊಳೆದು ಚೂರುಗಳನ್ನು ಆಯಿರಿ. ಕೆಸರಿಗೆ ಬರಿಗೈ ಹಾಕಬೇಡಿ. ಆಳುಗಳಿಗೆ ವಿಷಯ ತಿಳಿಸದೆ ಗದ್ದೆಗೆ ಇಳಿಸುವುದು ಸರಿಯಲ್ಲ. ಕೆಸರಿನಲ್ಲಿ ಆದ ಗಾಯವನ್ನು ಅರಿಸಿನ ಮೆತ್ತಿ ಬಿಡದೆ, ಸೋಪಿನಿಂದ ತೊಳೆದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿ. ಒಡೆದ ಗಾಜಿಗೆ ಕಾಗದ ಅಂಟಿಸಿ ಉರಿಸುವ ಅಭ್ಯಾಸವನ್ನು ಬಿಡಬೇಕು.

ನೆನಪಿಡಬೇಕಾದ ಅಂಶಗಳು

* ಗಾಜನ್ನು ತಣ್ಣಗಿರುವಾಗ ಕೂರಿಸಿ. ಬಿಗಿಯಬೇಡಿ, ಓಲಾಡಲೂ ಬಿಡಬೇಡಿ.
* ತಟ್ಟೆ ಸಮವಾಗಿರಲಿ, ತೂತುಗಳು ತೆರೆದಿರಲಿ.
* ಮೇಲೆ ತಗಡಿನ ಕೊಡೆ, ಕೆಳಗೆ ಸೋಪಿನ ನೀರು.
* ಲಾಟೀನಿಗೆ ಪೆಟ್ರೋಲು ಎಂದೂ ಬೇಡ.
* ಪಂಪ್‌ಸೆಟ್ಟಿನಿಂದ ಬರಿ ತಂತಿ ಎಳೆದು ಒದ್ದೆ ಗದ್ದೆಯಲ್ಲಿ ಬಲ್ಬು ಹಚ್ಚಬೇಡಿ. ಅದು ಪ್ರಾಣಕ್ಕೆ ಅಪಾಯ.

ಸೌರ ದೀಪದ ಬಲೆಗೆ ಸಹಾಯಧನ ದೊರೆಯುವುದೇ ಎಂಬುದನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಅಕ್ಕಪಕ್ಕದ ನಾಲ್ಕೈದು ರೈತರು ಸೇರಿ ಒಂದನ್ನು ಕೊಂಡರೂ ಆಯಿತು. ಅದು ಬರುವವರೆಗೆ ಲಾಟೀನನ್ನೇ ಬಳಸುವವರು ನಾಟಿಗೆ ಮೊದಲೇ ಅದನ್ನು ಇಳಿಸಿ, ತಟ್ಟೆ, ಸ್ಪ್ರಿಂಗು, ಗಾಜು ಮೂರನ್ನೂ ಹಗಲಿನಲ್ಲಿ ಪರೀಕ್ಷಿಸಿ ಸಿದ್ಧವಾಗಿಟ್ಟುಕೊಳ್ಳುವುದು ಒಳ್ಳೆಯದು.