ಆಟಕ್ಕೂ ಒಂದು ಕಲಮು

ಹೊಸನಗರದ ನಮ್ಮ ಮನೆಯಲ್ಲಿ ಅಪ್ಪಯ್ಯ ಬರೆದಿಡುವ ಲೆಕ್ಕದ ಪುಸ್ತಕದಲ್ಲಿ ಅಡಿಕೆ ಕೊನೆ ಇಳಿಸುವ ಕೊನೆಗೌಡರ ಕೂಲಿ ಇದೆ, ತೋಟಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣ ಇದೆ, ಮದುವೆಮನೆಗೆ ಕೊಟ್ಟ ಉಡುಗೊರೆಯೂ ಇದೆ. ಆಟ, ತಿರುಗಾಟ ಎಂಬ ಕಲಮು ಮಾತ್ರ ಯಾವ ವರ್ಷದಲ್ಲೂ ಇಲ್ಲ. ಅದರ ಅಗತ್ಯವೇ ಬೀಳಲಿಲ್ಲ. ಕೊಯ್ಲಾದ ಗದ್ದೆಯಲ್ಲಿ ಕ್ರಿಕೆಟ್, ಬೇಸಿಗೆಗೆ ಹೊಳೆ, ಊರಿಗೆ ಯಕ್ಷಗಾನ ಮೇಳ ಬಂದರೆ ಬೆಳಗಿನವರೆಗೆ ಬಯಲಾಟ. ವರ್ಷಕ್ಕೊಮ್ಮೆ ಕೊಡಚಾದ್ರಿ ಹತ್ತುವುದು, ಸಾಗರದ ಕಡೆ ಹೋದಾಗ ಹೆಗ್ಗೋಡಿನಲ್ಲಿ ನೀನಾಸಂ ನಾಟಕ. ಸಂತೋಷಕ್ಕೆ ದುಡ್ಡು ಎತ್ತಿಡಬೇಕು ಎಂದು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ.

2024ರ ಅಕ್ಟೋಬರಿನಲ್ಲಿ ಎಂ.ಎಸ್. ಓದಲು ಜರ್ಮನಿಯ ಡ್ರೆಸ್ಡೆನ್‌ಗೆ ಹೊರಟಾಗ ನಾನೂ ಅಪ್ಪಯ್ಯನ ಹಾಗೆಯೇ ಲೆಕ್ಕ ಬರೆದೆ. ಬಾಡಿಗೆ, ಆರೋಗ್ಯ ವಿಮೆ, ದಿನಸಿ, ಫೋನು. ವೀಸಾಕ್ಕಾಗಿ ಮುಂಗಡವಾಗಿ ಕಟ್ಟಿಟ್ಟ ಖಾತೆಯಲ್ಲಿ 11,208 ಯೂರೊ ಇತ್ತು, ತಿಂಗಳಿಗೆ 934 ಕೈಗೆ ಬರುತ್ತಿತ್ತು. (ನಾನು ಅರ್ಜಿ ಹಾಕಿದ ಮೇಲೆ, 2024ರ ಸೆಪ್ಟೆಂಬರಿನಿಂದ ಅದು 11,904 ಆಯಿತು, ಅಂದರೆ ತಿಂಗಳಿಗೆ 992.) ಬಿಡುವಿಗೆಂದು ಒಂದು ಯೂರೊವನ್ನೂ ಬರೆಯಲಿಲ್ಲ. ಓದಲು ಹೋಗುವವನಿಗೆ ಅದೆಲ್ಲ ಯಾಕೆ ಅಂದುಕೊಂಡಿದ್ದೆ.

ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಗೇ ಕತ್ತಲು. ಭಾನುವಾರ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ, ಬೀದಿಯಲ್ಲಿ ಜನವಿಲ್ಲ. ಕೋಣೆಯಲ್ಲಿ ಒಬ್ಬನೇ ಕೂತವನ ಕೈ ಫೋನಿಗೆ ಹೋಗುತ್ತದೆ. ಊಟ ತರಿಸಿದೆ, ಬೇಡದ ಹೆಡ್‌ಫೋನ್ ತರಿಸಿದೆ. ಜನವರಿಯಲ್ಲಿ ಬ್ಯಾಂಕಿನ ಪಟ್ಟಿ ತೆಗೆದು ಕೂಡಿಸಿದರೆ ಒಂದೇ ತಿಂಗಳಲ್ಲಿ 140 ಯೂರೊ ಹೀಗೆ ಹೋಗಿತ್ತು. ಅದಕ್ಕೂ ಮೊದಲೇ, ಮೈ ಜಡ್ಡುಗಟ್ಟುತ್ತಿದೆ ಎಂದು ಒಂದು ಜಿಮ್‌ಗೆ ಸೇರಿದ್ದೆ. ತಿಂಗಳಿಗೆ 30 ಯೂರೊ, ಒಪ್ಪಂದ 12 ತಿಂಗಳದ್ದು. ನಡುವೆ ಬಿಡಲು ಬರುವುದಿಲ್ಲ ಎಂಬ ಸಾಲು ಜರ್ಮನ್‌ನಲ್ಲಿತ್ತು, ನಾನು ಓದದೆ ಸಹಿ ಹಾಕಿದ್ದೆ. ಹೋದದ್ದು ಹನ್ನೊಂದು ಸಲ. ಒಟ್ಟು 360 ಯೂರೊ. ಅಪ್ಪಯ್ಯ ಆ ವರ್ಷ ರಾಶಿ ಇಡಿ ಎಂಬ ಬಗೆಯ ಅಡಿಕೆ ಕೊಟ್ಟ ದರಕ್ಕೆ ಹಾಕಿದರೆ ಸುಮಾರು 70 ಕಿಲೊ ಅಡಿಕೆ. ಎಲೆಚುಕ್ಕೆ ರೋಗ ಬಂದು ತೋಟ ಸೊರಗಿದ್ದ ಕಾಲದಲ್ಲಿ ಆ ಲೆಕ್ಕ ನೆನೆದು ರಾತ್ರಿ ನಿದ್ದೆ ಬರಲಿಲ್ಲ.

ಹೊಟ್ಟೆಯುರಿಯುವ ವಿಷಯ ಬೇರೆಯೇ ಇದೆ. ಜಿಮ್‌ಗಿಂತ ಒಳ್ಳೆಯದಕ್ಕೆ ನಾನು ಆಗಲೇ ದುಡ್ಡು ಕಟ್ಟಿಯಾಗಿತ್ತು. ವಿಶ್ವವಿದ್ಯಾಲಯಕ್ಕೆ ಕಟ್ಟುವ ಸೆಮಿಸ್ಟರ್ ಶುಲ್ಕದಲ್ಲೇ ದೇಶವಿಡೀ ಬಸ್, ಟ್ರಾಮ್, ಸ್ಥಳೀಯ ರೈಲಿನಲ್ಲಿ ಓಡಾಡುವ ಪಾಸು ಸೇರಿತ್ತು. ಆ ಸಲ ಆರು ತಿಂಗಳಿಗೆ 176.40 ಯೂರೊ. ವೇಗದ ರೈಲಿಗೆ ಮಾತ್ರ ನಡೆಯುವುದಿಲ್ಲ. ನಾನು ಅದನ್ನು ಮನೆಯಿಂದ ಕಾಲೇಜಿಗೆ ಹೋಗಲಿಕ್ಕಷ್ಟೇ ಬಳಸುತ್ತಿದ್ದೆ. ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ ಇಡೀ ಸೆಮಿಸ್ಟರ್ ಬ್ಯಾಡ್ಮಿಂಟನ್ ಆಡಲು ಕಡಿಮೆ ದುಡ್ಡು ಸಾಕಾಗುತ್ತಿತ್ತು. ನೋಂದಣಿ ತೆರೆದ ದಿನವೇ ಸೀಟು ತುಂಬುತ್ತದೆ ಎಂಬುದು ಗೊತ್ತಿಲ್ಲದೆ ಮೊದಲ ಸಲ ತಪ್ಪಿಸಿಕೊಂಡೆ. ಬೇರೆ ದೇಶಗಳಲ್ಲೂ ಇಂಥದ್ದಿದೆ. ಅಮೆರಿಕದ ಬಹುತೇಕ ಕ್ಯಾಂಪಸ್‌ಗಳಲ್ಲಿ ಜಿಮ್ಮಿನ ಶುಲ್ಕ ಫೀಸಿನೊಳಗೇ ಇರುತ್ತದೆ. ಬ್ರಿಟನ್ನಿನ ರಾಷ್ಟ್ರೀಯ ಮ್ಯೂಸಿಯಂಗಳ ಕಾಯಂ ಸಂಗ್ರಹ ನೋಡಲು 2001ರಿಂದ ಟಿಕೆಟ್ಟೇ ಇಲ್ಲ.

ಜರ್ಮನಿಗೆ ಹೋಗುವವರು ಇನ್ನೊಂದನ್ನು ತಿಳಿದಿರಬೇಕು. ರೇಡಿಯೊ-ಟಿವಿ ಶುಲ್ಕ ಅಂತ ತಿಂಗಳಿಗೆ 18.36 ಯೂರೊ ಕಟ್ಟಬೇಕು, ಮನೆಯಲ್ಲಿ ಟಿವಿ ಇಲ್ಲದಿದ್ದರೂ. ಆದರೆ ಅದು ತಲೆಗೆ ಅಲ್ಲ, ಮನೆಗೆ. ನಾವು ನಾಲ್ವರಿದ್ದ ಮನೆಗೆ ನಾಲ್ಕು ಪತ್ರ ಬಂದವು. ಒಬ್ಬ ಕಟ್ಟಿ, ಉಳಿದ ಮೂವರು ಆ ನಂಬರು ತೋರಿಸಿ ಉತ್ತರ ಬರೆದೆವು. ತಲಾ 4.59 ಬಿತ್ತು. ಕಟ್ಟಿದ ಮೇಲೆ ನೋಡೋಣ ಎಂದು ಭಾನುವಾರ ರಾತ್ರಿ 8.15ಕ್ಕೆ ಬರುವ ‘ಟಾಟೋರ್ಟ್’ ಎಂಬ ಪತ್ತೇದಾರಿ ಧಾರಾವಾಹಿ ಹಾಕಿದೆವು. 1970ರಿಂದ ಬರುತ್ತಿರುವುದು ಅದು. ಪಕ್ಕದ ಕೋಣೆಯ ಜರ್ಮನ್ ಹುಡುಗಿ ಅರ್ಥ ಹೇಳುತ್ತಾ ಕೂರುತ್ತಿದ್ದಳು, ನಾನು ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದೆ. ತರಗತಿಯಲ್ಲಿ ಹತ್ತದ ಭಾಷೆ ಅಲ್ಲಿ ನಾಲಿಗೆಗೆ ಹತ್ತಿತು.

ಮಾರ್ಚಿನ ಒಂದು ಭಾನುವಾರ ಪಾಸು ಹಿಡಿದು ಎಸ್-1 ರೈಲು ಹತ್ತಿ ರಾಟೆನ್ ಎಂಬ ಹಳ್ಳಿಯಲ್ಲಿಳಿದೆ. ಎದುರಿಗೆ ಎಲ್ಬೆ ನದಿ. ದಾಟಿಸಲು ಒಂದು ಲಾಂಚ್ ಇದೆ, ಅದಕ್ಕೆ ಇಂಜಿನ್ನಿಲ್ಲ. ನದಿಯ ಮೇಲ್ಭಾಗದಲ್ಲಿ ಲಂಗರು ಹಾಕಿದ ಉದ್ದ ಹಗ್ಗಕ್ಕೆ ಕಟ್ಟಿದ್ದಾರೆ. ನಡೆಸುವವನು ದೋಣಿಯನ್ನು ಸ್ವಲ್ಪ ಓರೆ ಮಾಡುತ್ತಾನೆ, ಹರಿವ ನೀರೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ಸದ್ದೇ ಇಲ್ಲ. ನಮ್ಮೂರ ಕಡೆಯ ಹೊಳೆಬಾಗಿಲಿನಲ್ಲಿ ಸಿಗಂದೂರು ಲಾಂಚಿಗೆ ಕಾಯುತ್ತಾ ಬೆಳೆದ ನನಗೆ ಗಂಟಲು ಕಟ್ಟಿತು. ಆಚೆ ಹತ್ತಿದರೆ ಬಸ್ಟೈ ಬಂಡೆಗಳು, ಅವುಗಳ ನಡುವೆ 1851ರ ಕಲ್ಲು ಸೇತುವೆ. ಕವಲೇದುರ್ಗದ ಮೇಲೆ ನಿಂತಾಗ ಬೀಸುವಂಥದ್ದೇ ಗಾಳಿ. ಆ ದಿನದ ಖರ್ಚು ಲಾಂಚಿನ ಚಿಲ್ಲರೆ ಮತ್ತು ಒಂದು ಕಾಫಿ. ಅವತ್ತು ರಾತ್ರಿ ಏನನ್ನೂ ತರಿಸಬೇಕು ಅನ್ನಿಸಲಿಲ್ಲ.

ಕೆಲವರು ಬಿಡುವನ್ನೆಲ್ಲ ದುಡಿಮೆಗೆ ಹಾಕುತ್ತಾರೆ. ವರ್ಷಕ್ಕೆ 140 ಪೂರ್ಣ ದಿನ ದುಡಿಯಲು ಅಲ್ಲಿ ಅನುಮತಿ ಇದೆ, 2025ರಲ್ಲಿ ಗಂಟೆಗೆ ಕನಿಷ್ಠ 12.82 ಯೂರೊ. ರೂಪಾಯಿಗೆ ತಿರುಗಿಸಿದರೆ ಆಸೆಯಾಗುತ್ತದೆ. ನಾನೂ ಎರಡು ತಿಂಗಳು ಶನಿವಾರ, ಭಾನುವಾರ ಗೋದಾಮಿನಲ್ಲಿ ದುಡಿದೆ, ಒಂದು ವಿಷಯದಲ್ಲಿ ಫೇಲಾದೆ. ಓದು ಒಂದು ಸೆಮಿಸ್ಟರ್ ಮುಂದಕ್ಕೆ ಹೋದರೆ ಆರು ತಿಂಗಳ ಖರ್ಚು, ಜತೆಗೆ ಸಾಲದ ಬಡ್ಡಿ. ಆ ಗಂಟೆಗಳ ಸಂಬಳ ಅದಕ್ಕೆ ಯಾವ ಮೂಲೆಗೂ ಸಾಲದು. ಅಪ್ಪಯ್ಯ ಫೋನಿನಲ್ಲಿ ಯಾವಾಗಲೂ “ದುಡ್ಡು ಸಾಕಾಗ್ತಾ ತಮಾ?” ಎಂದೇ ಕೇಳುತ್ತಿದ್ದರು. ಭಾನುವಾರ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದ್ದರೆ ನಾನು ನಿಜ ಹೇಳುತ್ತಿದ್ದೆನೇನೋ.

ಊರಿಗೆ ಬಂದವನು ಮೊನ್ನೆ ತೀರ್ಥಹಳ್ಳಿಯ ಅತ್ತೆಯ ಮನೆಗೆ ಹೋಗಿದ್ದೆ. ಅವಳ ಮಗ ಈ ಸಲ ಜರ್ಮನಿಗೆ ಹೊರಟಿದ್ದಾನೆ. ಜಗಲಿಯಲ್ಲಿ ಕೂತು ಮೂವರೂ ಲೆಕ್ಕ ಹಾಕಿದೆವು. ಬಾಡಿಗೆ, ವಿಮೆ, ದಿನಸಿಯ ಕೆಳಗೆ ನಾನು ‘ಆಟ, ತಿರುಗಾಟ: 60’ ಎಂದು ಬರೆದೆ. ಅತ್ತೆ ಕನ್ನಡಕ ಹಾಕಿಕೊಂಡು ಓದಿದಳು, 60 ಯೂರೊ ಎಂದರೆ ಎಷ್ಟು ರೂಪಾಯಿ ಎಂದು ಕೇಳಿದಳು, ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಇವ ಮದ್ದಲೆ ತಗಂಡು ಹೋಗ್ಲಕ್ಕ ತಮಾ? ವಿಮಾನದಲ್ಲಿ ಬಿಡ್ತ್ವ?” ಎಂದಳು. ಹುಡುಗ ಎದ್ದು ಒಳಗಿನಿಂದ ಮದ್ದಲೆ ತಂದ. ಅಡಿಕೆ ತೂಗುವ ತಕ್ಕಡಿಯ ಮೇಲಿಟ್ಟು ನೋಡಿದೆವು.