ನೆರವಿನ ಮಾತು: ಜಗಲಿಯ ಅಜ್ಜಿ, ಅಂಗಳದ ನಾಯಿ

ಸೌಜನ್ಯದ ಮಾತುಗಳನ್ನು ಕಲಿಸುವ ಪಾಠಗಳು ಸಾಮಾನ್ಯವಾಗಿ ಅಂಚೆ ಕಚೇರಿ, ಬಸ್ ನಿಲ್ದಾಣ, ಅಂಗಡಿ ಇವುಗಳ ಸುತ್ತಲೇ ಸುತ್ತುತ್ತವೆ. ಅಲ್ಲಿ ಮಾತು ತಪ್ಪಿದರೆ ಹೆಚ್ಚೆಂದರೆ ಒಂದು ಅಂಚೆಚೀಟಿ ಸಿಗುವುದು ತಡವಾದೀತು. ಮಾತು ತಪ್ಪಿದೊಡನೆ ಮನೆಯ ಬಾಗಿಲೇ ಮುಚ್ಚಿಕೊಳ್ಳುವ ಸಂದರ್ಭಗಳೂ ಇವೆ. ನಡೆದಾಡಲು ಕಷ್ಟಪಡುವ ನೆರೆಯವರ ಸಾಕುಪ್ರಾಣಿಗೆ ನೆರವಾಗುವುದು ಅಂಥ ಒಂದು ಸಂದರ್ಭ. ಏಳನೆಯ ತರಗತಿಯ ಸಂಭಾಷಣೆ ಮತ್ತು ವ್ಯಾಕರಣದ ಎರಡು ಮೂರು ಅವಧಿಗಳಲ್ಲಿ ಇದನ್ನು ಪಾಠವಾಗಿ ಅಳವಡಿಸಿಕೊಳ್ಳಬಹುದು.

ಪಾಠಕ್ಕೆ ಆಧಾರವಾಗಿ ಮಕ್ಕಳ ಮುಂದೆ ಈ ಪ್ರಸಂಗವನ್ನಿಡಬೇಕು. ಮಂಜೇಶ್ವರ ತಾಲೂಕಿನ ಒಂದು ಗುಡ್ಡದ ಮನೆ. ಬೀಡಿ ಕಟ್ಟಿ ಮಕ್ಕಳನ್ನು ಬೆಳೆಸಿದ ಅಜ್ಜಿಯೊಬ್ಬಳು ಅಲ್ಲಿ ಒಬ್ಬಳೇ ಇದ್ದಾಳೆ. ಮೊಣಕಾಲು ಮಡಚುವುದಿಲ್ಲ. ಅಂಗಳದಿಂದ ರಸ್ತೆಗೆ ಇಳಿಯಲು ಇಪ್ಪತ್ತು ಮುರಕಲ್ಲಿನ ಮೆಟ್ಟಿಲುಗಳು, ಮಳೆಗಾಲದಲ್ಲಿ ಅವುಗಳ ಮೇಲೆ ಪಾಚಿ. ಅವಳ ನಾಯಿ ಕಾಳು ಹಗಲಿರುಳು ಅಂಗಳದ ಕಂಬಕ್ಕೆ ಕಟ್ಟಿಕೊಂಡೇ ಇರುತ್ತದೆ. ಶಾಲೆಗೆ ಹೋಗುವ ಮಕ್ಕಳು ಇದನ್ನು ಕಂಡು ಮರುಗಿ ಮೆಟ್ಟಿಲೇರಿ ಹೋಗುತ್ತಾರೆ. ಅವರಲ್ಲೊಬ್ಬ ಹುಡುಗ ಹೇಳುತ್ತಾನೆ: ‘ಅಜ್ಜೀ, ಪಾಪ, ನಿಮ್ಮಿಂದ ಆಗುವುದಿಲ್ಲ. ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡಿ.’ ಅಜ್ಜಿ ಏನೂ ಹೇಳದೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.

ಇಲ್ಲಿ ಕಥೆಯನ್ನು ನಿಲ್ಲಿಸಿ ‘ಹುಡುಗ ಹೇಳಿದ್ದರಲ್ಲಿ ಸುಳ್ಳೇನಿತ್ತು?’ ಎಂದು ಕೇಳಬೇಕು. ಸುಳ್ಳು ಇರಲಿಲ್ಲವೆಂಬುದನ್ನು ಮಕ್ಕಳು ಬೇಗ ಒಪ್ಪುತ್ತಾರೆ. ಪಾಠ ಮೊದಲಾಗುವುದು ಅಲ್ಲಿಂದಲೇ. ಬಾಗಿಲ ಆಚೆ ಕುಳಿತ ಅಜ್ಜಿಗೆ ಕೇಳಿಸಿದ್ದೇನು ಎಂಬುದನ್ನು ನಾಲ್ಕು ಸಾಲುಗಳಲ್ಲಿ ಬರೆಯಿಸಿದರೆ, ಅಧ್ಯಾಪಕರ ಅರ್ಧ ಗಂಟೆಯ ವಿವರಣೆಗಿಂತ ಅದೇ ಹೆಚ್ಚು ಕೆಲಸ ಮಾಡುತ್ತದೆ. ‘ಪಾಪ’ ಎಂಬ ಪದವು ಕೇಳಿದವರನ್ನು ಒಂದು ಮೆಟ್ಟಿಲು ಕೆಳಗೆ ನಿಲ್ಲಿಸುತ್ತದೆ. ‘ಕೊಟ್ಟುಬಿಡಿ’ ಎಂಬಲ್ಲಿಯ ‘ಬಿಡು’ ಕೈತೊಳೆದುಕೊಳ್ಳುವ ಅರ್ಥವನ್ನು ಹೊತ್ತು ಬರುತ್ತದೆ. ರಾತ್ರಿ ಒಂಟಿಯಾಗಿರುವವಳಿಗೆ ಆ ನಾಯಿಯೇ ಕಾವಲು, ಅದೇ ಮಾತಿಗೆ ಜೊತೆ. ಅದನ್ನು ಕೊಟ್ಟರೆ ಮನೆಯಲ್ಲಿ ಉಳಿಯುವುದೇನೆಂದು ಹುಡುಗ ಯೋಚಿಸಿರಲಿಲ್ಲ.

ಕಾನೂನಿನ ಒಂದು ಅಂಶವನ್ನೂ ಈ ಹಂತದಲ್ಲಿ ತಿಳಿಸಬಹುದು. ಸದಾ ಸರಪಳಿಯಲ್ಲಿರುವ ನಾಯಿಗೆ ತಕ್ಕಷ್ಟು ಅಡ್ಡಾಟ ಒದಗಿಸದಿರುವುದನ್ನು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ 11ನೆಯ ಕಲಮು ಕ್ರೌರ್ಯವೆಂದೇ ಎಣಿಸುತ್ತದೆ. ಆದರೆ ಒಡೆಯನು ತಾನೇ ಅಡ್ಡಾಡಿಸಬೇಕೆಂದು ಅದು ಹೇಳುವುದಿಲ್ಲ. ಬೇರೊಬ್ಬರ ಮೂಲಕ ಮಾಡಿಸಿದರೂ ಸಾಕು. ನೆರೆಯವರಿಗೆ ಎಡೆಯಿರುವುದು ಇಲ್ಲಿಯೇ. ಈ ಕಲಮನ್ನು ಮಕ್ಕಳು ಅಜ್ಜಿಯ ಮುಂದೆ ಉದ್ಧರಿಸಕೂಡದೆಂದು ಬಿಡಿಸಿ ಹೇಳಬೇಕಾಗುತ್ತದೆ. ಉತ್ಸಾಹಿ ಮಕ್ಕಳು ಅದನ್ನೇ ಮೊದಲು ಮಾಡುತ್ತಾರೆ.

ಪ್ರಸಂಗದ ಎರಡನೆಯ ಭಾಗ. ಒಂದು ವಾರದ ಬಳಿಕ ಅದೇ ಗುಂಪಿನ ಹುಡುಗಿಯೊಬ್ಬಳು ಅಂಗಳದಂಚಿನಲ್ಲಿ ನಿಂತು ಕೇಳುತ್ತಾಳೆ: ‘ಅಜ್ಜೀ, ಕಾಳು ಗುಡುಗಿಗೆ ಹೆದರುತ್ತದೆಯೇ? ನಮ್ಮ ಮನೆಯದು ಮಂಚದಡಿ ಸೇರುತ್ತದೆ.’ ಅಜ್ಜಿ ಬಾಗಿಲು ತೆರೆದು ಅರ್ಧ ಗಂಟೆ ಮಾತಾಡುತ್ತಾಳೆ. ಕೊನೆಗೆ ಹುಡುಗಿ, ‘ನೀವು ಒಪ್ಪಿದರೆ ಸಂಜೆ ಇದರ ಜೊತೆ ಗದ್ದೆಯವರೆಗೆ ಹೋಗಿಬರಲೇ? ಯಾವ ದಾರಿ ಇದಕ್ಕೆ ಇಷ್ಟ?’ ಎನ್ನುತ್ತಾಳೆ. ಅಜ್ಜಿಗೆ ಗೊತ್ತಿರುವುದನ್ನು ಕೇಳಿದ್ದರಿಂದ ಅವಳು ಮತ್ತೆ ನಾಯಿಯ ಒಡತಿಯಾದಳು. ದಾರಿಯನ್ನು ಆರಿಸುವವಳೂ ಅವಳೇ.

‘ಹೋಗಿಬರಲೇ’ ಎಂಬ ರೂಪದ ಮೇಲೆ ಅಧ್ಯಾಪಕರು ಧಾರಾಳವಾಗಿ ಸಮಯ ವ್ಯಯಿಸಬೇಕು. ವಿಧ್ಯರ್ಥದ ‘ಅಲಿ’ಗೆ ಪ್ರಶ್ನೆಯ ‘ಏ’ ಸೇರಿದಾಗ ತೀರ್ಮಾನವು ಕೇಳುಗರ ಕೈಗೆ ಹೋಗುತ್ತದೆ. ‘ಅಡ್ಡಾಡಿಸಿಕೊಡುತ್ತೇನೆ’ ಎಂಬಲ್ಲಿ ‘ಕೊಡು’ ಉಪಕಾರವನ್ನು ಲೆಕ್ಕಕ್ಕೆ ಬರೆದಿಡುತ್ತದೆ. ‘ಹೋಗಿಬರಲೇ’ ಎಂಬಲ್ಲಿ ಆ ಲೆಕ್ಕವಿಲ್ಲ. ನೆರೆಯ ಭಾಷೆಗಳಲ್ಲಿಯೂ ಇಂಥ ರೂಪಗಳಿರುವುದು ಗಡಿನಾಡಿನ ಅಧ್ಯಾಪಕರಿಗೆ ದೊಡ್ಡ ಅನುಕೂಲ. ಮಲಯಾಳದ ‘ಪೋಗಟ್ಟೆ’, ತಮಿಳಿನ ‘ಪೋಗಟ್ಟುಮಾ’, ತೆಲುಗಿನ ‘ವೆಳ್ಳನಾ’, ಮರಾಠಿಯ ‘ಜಾಊ ಕಾ’ ಇವೆಲ್ಲ ಇದೇ ಕೆಲಸ ಮಾಡುತ್ತವೆ. ಮಗುವಿಗೆ ಮನೆಯಲ್ಲೋ ಬೀದಿಯಲ್ಲೋ ತಿಳಿದಿರುವ ರೂಪದಿಂದ ಕನ್ನಡದ ರೂಪಕ್ಕೆ ದಾಟಿಸುವುದು ಸುಲಭ. ಅಕ್ಕಲಕೋಟೆ, ಜತ್ತದ ಮಕ್ಕಳು ‘ಹೋಗ್ಲೇನ್ರಿ’ ಎಂದರೆ ತಿದ್ದುವ ಅಗತ್ಯವಿಲ್ಲ. ಆ ‘ರಿ’ಯಲ್ಲಿರುವ ಗೌರವ ಗ್ರಂಥಸ್ಥ ರೂಪದಲ್ಲಿ ಅಷ್ಟು ಸಲೀಸಾಗಿ ಬರುವುದಿಲ್ಲ. ತುಳು ಮನೆಮಾತಿನ ಮಕ್ಕಳಿಗೆ ‘ಈರ್’ ಎಂಬ ಗೌರವರೂಪ ಮೊದಲೇ ಇರುವುದರಿಂದ ‘ನೀವು’ ಎಂಬುದು ತಡೆಯಾಗದು.

ಮೂರನೆಯ ಭಾಗವನ್ನು ಕೆಲವರು ಬಿಟ್ಟುಬಿಡಲು ಬಯಸಬಹುದು; ಬಿಡಬಾರದು. ಮಕ್ಕಳು ಒಂದು ತಿಂಗಳು ತಪ್ಪದೆ ಬರುತ್ತಾರೆ. ಓಣಂ ಪರೀಕ್ಷೆ ಬಂದಾಗ ಯಾರೂ ಏನೂ ಹೇಳದೆ ಮೂರು ದಿನ ಬರುವುದಿಲ್ಲ. ಸಂಜೆಯ ಹೊತ್ತಿಗೆ ಕಾಳು ಸರಪಳಿ ಜಗ್ಗಿ ಬೊಗಳುತ್ತದೆ. ಮೂರನೆಯ ದಿನ ಅಜ್ಜಿ ಅದನ್ನು ಬಿಚ್ಚಿ, ತಾನೇ ಮೆಟ್ಟಿಲಿಳಿಯಲು ಹೋಗಿ ಏಳನೆಯ ಮೆಟ್ಟಿಲಲ್ಲಿ ಕುಸಿದು ಕುಳಿತುಕೊಳ್ಳುತ್ತಾಳೆ. ಕತ್ತಲಾದ ಮೇಲೆ ಹಾಲಿನವನು ಕಂಡು ಎತ್ತುವವರೆಗೂ ಏಳಲಾಗಲಿಲ್ಲ. ನಾಯಿ ಪಕ್ಕದಲ್ಲೇ ನಿಂತಿತ್ತು. ಮಕ್ಕಳು ಬರುವ ಮೊದಲು ಅವಳು ಆ ಮೆಟ್ಟಿಲಿಗೆ ಕಾಲಿಡುತ್ತಿರಲಿಲ್ಲ. ನಾಯಿಗೂ ಸಂಜೆಯ ಅಡ್ಡಾಟದ ನಿರೀಕ್ಷೆ ಇರಲಿಲ್ಲ. ನಡುವೆ ಕೈಬಿಟ್ಟ ನೆರವು ಹಿಂದಿದ್ದ ಸ್ಥಿತಿಗಿಂತ ಕೆಟ್ಟದ್ದನ್ನು ಉಳಿಸೀತು ಎಂಬುದನ್ನು ಏಳನೆಯ ತರಗತಿಯವರು ಅರಿಯಬಲ್ಲರು.

ವ್ಯಾಕರಣದಲ್ಲಿ ಸಂಭಾವನಾರ್ಥಕವನ್ನು ಕಲಿಸಲು ಇದಕ್ಕಿಂತ ತಕ್ಕ ಎಡೆಯಿಲ್ಲ. ‘ನಾಳೆ ಬಂದೇನು’ ಎಂಬುದಕ್ಕೂ ‘ನಾಳೆ ಬರುತ್ತೇನೆ’ ಎಂಬುದಕ್ಕೂ ಇರುವ ಅಂತರವನ್ನು ಪ್ರತ್ಯಯಗಳ ಪಟ್ಟಿಯಲ್ಲಿ ತೋರಿಸಿದರೆ ಮಕ್ಕಳು ಮರೆಯುತ್ತಾರೆ. ಕಂಬಕ್ಕೆ ಕಟ್ಟಿದ ನಾಯಿಯ ಮೂಲಕ ತೋರಿಸಿದರೆ ಮರೆಯಲಾರರು. ‘ಸೋಮವಾರ, ಗುರುವಾರ ಮಾತ್ರ ಬರುತ್ತೇವೆ, ಪರೀಕ್ಷೆಯ ವಾರ ಬರುವುದಿಲ್ಲ, ಆಗ ಪಕ್ಕದ ಮನೆಯ ಅಣ್ಣ ಬರುತ್ತಾರೆ’ ಎಂಬಂಥ ಅಳತೆಯ ಮಾತನ್ನು ಸಂಭಾಷಣೆಯಾಗಿ ಬರೆಯಿಸಬೇಕು.

ಅಜ್ಜಿ ಹಲಸಿನ ಹಪ್ಪಳ ಕೊಟ್ಟರೆ ತೆಗೆದುಕೊಳ್ಳಬೇಕೇ ಎಂಬ ಪ್ರಶ್ನೆ ತರಗತಿಯಲ್ಲಿ ಖಂಡಿತ ಬರುತ್ತದೆ. ತೆಗೆದುಕೊಳ್ಳಬೇಕು. ‘ಬೇಡ, ಬೇಡ’ ಎನ್ನುವುದನ್ನೇ ಸೌಜನ್ಯವೆಂದು ಕಲಿಸಿರುವುದರಿಂದ ಮಕ್ಕಳಿಗೆ ಇದು ವಿಚಿತ್ರವೆನಿಸಬಹುದು. ಆದರೆ ಪಡೆದುಕೊಳ್ಳುವುದಷ್ಟೇ ಉಳಿದವರಿಗೆ ಕೊಡುವ ಅವಕಾಶ ದೊಡ್ಡದು.

ಸುರಕ್ಷತೆಯ ವಿಷಯದಲ್ಲಿ ನಯಕ್ಕೆ ಎಡೆಯಿಲ್ಲ. ರೇಬೀಸ್ ಲಸಿಕೆಯಾಗದ ನಾಯಿಯ ಹಗ್ಗವನ್ನು ಮಗು ಹಿಡಿಯಕೂಡದು. ಹೆತ್ತವರ ಒಪ್ಪಿಗೆ ಬೇಕು, ಹಿರಿಯರೊಬ್ಬರು ಜೊತೆಗಿರಬೇಕು. ಆದರೂ ‘ಲಸಿಕೆ ಹಾಕಿಸಿದ್ದೀರಾ?’ ಎಂಬ ಪ್ರಶ್ನೆ ವಿಚಾರಣೆಯಂತೆ ಕೇಳಿಸುತ್ತದೆ. ಅದನ್ನು ಮಕ್ಕಳಿಂದ ಕೇಳಿಸದೆ ಹಿರಿಯರೇ, ‘ಪಶುವೈದ್ಯ ಆಸ್ಪತ್ರೆಗೆ ನಮ್ಮ ನಾಯಿಯನ್ನು ಒಯ್ಯುತ್ತಿದ್ದೇವೆ, ಕಾಳುವನ್ನೂ ಕರೆದೊಯ್ಯಲೇ?’ ಎಂದು ಕೇಳುವುದು ಮೇಲು. ನಾಯಿ ಸಾಕಿದವರೇ ಹಾಗೆ ಹೇಳಬೇಕು, ಸುಳ್ಳು ನೆಪ ಬೇಡ. ನಾಯಿ ಕಚ್ಚಿದರೆ, ಪರಚಿದರೆ, ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಒಡನೆ ಆಸ್ಪತ್ರೆಗೆ ಹೋಗಬೇಕು. ಅಜ್ಜಿಗೆ ಬೇಸರವಾದೀತೆಂದು ಗಾಯವನ್ನು ಮುಚ್ಚಿಡುವ ಮಗು ಪ್ರತಿ ತರಗತಿಯಲ್ಲೂ ಒಂದಿರುತ್ತದೆ. ಅದನ್ನು ನೆನಪಿನಲ್ಲಿಟ್ಟು ಈ ಮಾತನ್ನು ಎರಡು ಸಲ ಹೇಳಬೇಕು.

ನಾಯಿಯ ಬದಲು ತಾಳವಾಡಿಯಲ್ಲಿ ಮೇಕೆಯನ್ನೋ ಮಡಕಶಿರಾದಲ್ಲಿ ಎಮ್ಮೆಯನ್ನೋ ತೆಗೆದುಕೊಂಡರೆ ಮಾತಿನ ರೂಪಗಳು ಬದಲಾಗುವುದಿಲ್ಲ, ಕೆಲಸ ಮಾತ್ರ ಬದಲಾಗುತ್ತದೆ. ಪಾಠದ ಬಳಿಕ ಮಕ್ಕಳು ನಿಜವಾಗಿಯೂ ಯಾರದಾದರೂ ಮನೆಗೆ ಹೋದರೆ ಅದಕ್ಕೆ ಅಂಕ ಕೊಡಬಾರದು. ಅಂಕ ಸಂಭಾಷಣೆಯ ಬರವಣಿಗೆಗೆ ಮಾತ್ರ. ಆ ಬರವಣಿಗೆಯಲ್ಲಿ ಮನೆಯವರ ಹೆಸರು, ಕಾಯಿಲೆ, ಮನೆಯ ಗುರುತು ಬಾರದಂತೆ ನೋಡಿಕೊಳ್ಳಬೇಕು. ನಾಯಿಯ ಹೆಸರು ಇರಬಹುದು. ಮಕ್ಕಳು ಅದನ್ನು ಹೇಗೂ ಬಿಡುವುದಿಲ್ಲ.