ಕಡಲೆಬೀಜದ ಬಿಸ್ಕತ್ತಿಗೆ ತಾಳ್ಮೆಯ ಹದ

ಬಿಸ್ಕತ್ತು ಗರಿಗರಿಯಾಗಲೆಂದು ತುಪ್ಪ, ಬೆಣ್ಣೆ ಜಾಸ್ತಿ ಸುರಿಯುವವರೇ ಬಹಳ. ಜಿಡ್ಡು ಹೆಚ್ಚಿದರೆ ಬಿಸ್ಕತ್ತು ಬಾಯಲ್ಲಿ ಪುಡಿಯಾಗಿ ಕರಗುತ್ತದೆ, ಕಟುಂ ಎನ್ನುವುದಿಲ್ಲ. ಕಡಲೆಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇದೆ. ಹಾಗಾಗಿ ನಾವು ಮಾಡಬೇಕಾದ್ದು ಬಿಸ್ಕತ್ತಿನೊಳಗಿನ ನೀರಿನಂಶ ಓಡಿಸುವ ಕೆಲಸ. ಗೊರಗುಂಟೆಪಾಳ್ಯದ ನಮ್ಮ ಮನೆಯ ಪುಟ್ಟ ಓವನ್ ನನಗೆ ಕಲಿಸಿದ್ದು ಇದನ್ನೇ.

ಬೀಜಕ್ಕೆ ಯಶವಂತಪುರದ ಕಡೆ ಹೋದರೆ, 'ಅಣ್ಣಾ, ಪಾವಗಡದ ಸಣ್ಣ ಬೀಜ ಇದ್ರೆ ಕೊಡಿ' ಎಂದೇ ಕೇಳುತ್ತೇನೆ. ಪಾವಗಡ, ಚಳ್ಳಕೆರೆ ಸೀಮೆಯ ಬೀಜದ ರುಚಿ ನನಗೆ ಹೆಚ್ಚು ಇಷ್ಟ. ಮುರುಟಿದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದು ಒಂದೂ ಉಳಿಯಬಾರದು. ಬೂಷ್ಟಿನಿಂದ ಬರುವ ಅಫ್ಲಟಾಕ್ಸಿನ್ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಸಣ್ಣ ಉರಿಯಲ್ಲಿ ನಿಧಾನವಾಗಿ ಹುರಿಯಬೇಕು. ಚಟ್ನಿಪುಡಿಗೆ ಬೀಜ ಹುರಿದಾಗೆಲ್ಲ ನಮ್ಮತ್ತೆ 'ಪೂರ್ತಿ ಆರಲಿ ಬಿಡಮ್ಮ' ಅನ್ನುತ್ತಾರೆ. ಬಿಸ್ಕತ್ತಿಗೂ ಆ ಮಾತೇ ಸರಿ. ಬಿಸಿಯಲ್ಲೇ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಆರಿದ ಮೇಲೆ ಉಜ್ಜಿ, ಮೊರದಲ್ಲಿ ಕೇರಿ, ಬಿಟ್ಟು ಬಿಟ್ಟು ತಿರುಗಿಸಿದರೆ ತರಿತರಿಯಾಗಿ ಬರುತ್ತದೆ.

200 ಗ್ರಾಂ ಮೈದಾಕ್ಕೆ 120 ಗ್ರಾಂ ಬೀಜದ ತರಿ, 80 ಗ್ರಾಂ ಸಕ್ಕರೆ ಪುಡಿ, 90 ಗ್ರಾಂ ಬೆಣ್ಣೆ, ಚಿಟಿಕೆ ಉಪ್ಪು, ಕಾಲು ಚಮಚ ಅಡುಗೆ ಸೋಡಾ. ಹಾಲು ಉಂಡೆ ಕಟ್ಟುವಷ್ಟೇ ಸಾಕು. ಬೆಲ್ಲದ ರುಚಿಗೆ ಮನಸ್ಸು ಎಳೆಯುತ್ತದೆ, ನಿಜ. ಆದರೆ ಬೆಲ್ಲ ಗಾಳಿಯ ತೇವ ಎಳೆದುಕೊಂಡು ಬೇಗ ಮೆತ್ತಗಾಗಿಸುತ್ತದೆ. ಮಳೆಗಾಲದಲ್ಲಂತೂ ಬೇಡವೇ ಬೇಡ. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಸಮವಾಗಿ ಲಟ್ಟಿಸಿ, ಫೋರ್ಕಿನಿಂದ ಚುಚ್ಚಿ. ಆವಿಗೆ ದಾರಿಯಾಗುತ್ತದೆ.

160 ಡಿಗ್ರಿಯಲ್ಲಿ ಸುಮಾರು 18 ನಿಮಿಷಕ್ಕೆ ಅಂಚು ಕೆಂಪಾಗುತ್ತದೆ. ಹೊರತೆಗೆದಾಗ ಬಿಸ್ಕತ್ತು ಮೆತ್ತಗೇ ಇರುತ್ತದೆ. ಬೆಂದಿಲ್ಲವೆಂದು ಅದೇ ಶಾಖಕ್ಕೆ ಮತ್ತೆ ತಳ್ಳಿದರೆ ತಳ ಸೀಯುತ್ತದೆ. ತಂತಿ ಜಾಲರಿಯ ಮೇಲೆ ಆರಿಸಿ, ಒಂದನ್ನು ಮುರಿದು ನೋಡಿ. ನಡುವೆ ಮೆತ್ತಗಿದ್ದರೆ 120 ಡಿಗ್ರಿಯಲ್ಲಿ ಇನ್ನೊಂದು 10 ನಿಮಿಷ ಇಡಿ. ಇಲ್ಲಿ ಬಣ್ಣ ಏರುವುದಿಲ್ಲ, ನೀರು ಮಾತ್ರ ಹೋಗುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಹೆಜ್ಜೆ ಇಲ್ಲ. ತಟ್ಟೆಯಲ್ಲಿ ಆರಿಸಿದರೆ ಅಡಿಯಲ್ಲಿ ಬೆವರುತ್ತದೆ. ಬೆಚ್ಚಗಿರುವಾಗಲೇ ಡಬ್ಬಿ ಮುಚ್ಚಿದರೂ ಅಷ್ಟೇ.

ಬಿಸ್ಕತ್ತು ಮಾಡುವುದನ್ನು ಕಸುಬಾಗಿ ಕಲಿಯುವ ಆಸೆಯಿದ್ದವರಿಗೆ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಕೇಂದ್ರವಿದೆ. ಮಾರುವುದಿರಲಿ, ನೆರೆಮನೆಗೆ ಕೊಡುವುದಿರಲಿ, ಡಬ್ಬಿಯ ಮೇಲೆ 'ಕಡಲೆಬೀಜ ಇದೆ' ಎಂದು ದೊಡ್ಡದಾಗಿ ಬರೆಯಿರಿ. ಇದರ ಅಲರ್ಜಿ ಕೆಲವರಿಗೆ ಜೀವಕ್ಕೇ ಅಪಾಯ.